ಹದ್ದುಗಳನ್ನು ಎಣಿಸುವವರು

ಶರದೃತುವಿಗೆ ನಮ್ಮ ಕಾವ್ಯಪರಂಪರೆ ಒಂದು ಹಕ್ಕಿಯನ್ನು ಗೊತ್ತುಮಾಡಿಕೊಟ್ಟಿದೆ. ಅದು ಹಂಸ. ಮಳೆಗಾಲ ಮೊದಲಾಗುತ್ತಲೇ ಹಂಸಗಳು ಮಾನಸ ಸರೋವರಕ್ಕೆ ಹೊರಟುಹೋಗುತ್ತವೆ; ಮೋಡ ಚದುರಿ, ಕೆರೆಯ ನೀರು ತಿಳಿಯಾದ ಮೇಲೆ ಮರಳಿ ಬರುತ್ತವೆ ಎಂಬುದು ಕವಿಸಮಯ. ಕವಿಸಮಯವೆಂದು ಇದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುದು ಶರತ್ಕಾಲ ಕಳೆಯುವ ಹೊತ್ತಿಗೇ.

ಆದರೆ ಅದೇ ಆಕಾಶದಲ್ಲಿ, ಅದೇ ತಿಂಗಳುಗಳಲ್ಲಿ, ಇನ್ನೊಂದು ದೊಡ್ಡ ಪಯಣ ನಡೆಯುತ್ತದೆ. ಅದು ಹದ್ದು, ಗಿಡುಗ, ಡೇಗೆ, ಚಾಣ ಮುಂತಾದ ಬೇಟೆಹಕ್ಕಿಗಳ ಪಯಣ. ಕಾವ್ಯ ಈ ಹಕ್ಕಿಗಳನ್ನು ಬೇಟೆಗಾರನ ಮುಂಗೈಮೇಲೆ ಕೂರಿಸಿತು. ರಣಭೂಮಿಯ ಮೇಲೆ ಸುಳಿದಾಡಿಸಿತು. ಗರುಡನೊಬ್ಬನಿಗೆ ಮಾತ್ರ ದೇವರ ವಾಹನದ ಪದವಿಯನ್ನು ಕೊಟ್ಟು ಕೈಮುಗಿಯಿತು. ನಮ್ಮ ಮನೆಗಳಲ್ಲಿಯಾದರೋ, ಹದ್ದು ಎಂದೊಡನೆ ಅಂಗಳದ ಕೋಳಿಮರಿಗಳ ಮೇಲೆ ಬುಟ್ಟಿ ಕವುಚುವುದು ರೂಢಿ. ಈ ಹಕ್ಕಿಗಳೂ ಚಳಿಗೆ ಅಂಜಿ, ಹಸಿವಿಗೆ ಅಂಜಿ, ಸಾವಿರಾರು ಮೈಲಿ ನಡೆದುಹೋಗುವ ಯಾತ್ರಿಕರು ಎಂಬುದು ನಮ್ಮ ಮನಸ್ಸಿಗೆ ಅಷ್ಟಾಗಿ ಬಂದಂತಿಲ್ಲ.

ಇಂದು ನಾನು ಹೇಳಹೊರಟಿರುವುದು ಈ ಯಾತ್ರಿಕರ ಕುರಿತು. ಅದಕ್ಕಿಂತ ಹೆಚ್ಚಾಗಿ, ಬೆಟ್ಟದ ಬಂಡೆಯ ಮೇಲೋ ಮನೆಯ ಮಾಳಿಗೆಯ ಮೇಲೋ ಕುಳಿತು ಅವನ್ನು ಒಂದೊಂದಾಗಿ ಎಣಿಸುವ ಜನರ ಕುರಿತು. ಎಣಿಸುವುದರಲ್ಲಿ ಏನಿದೆ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಸಾಹಿತ್ಯದಲ್ಲಿ ಆಸಕ್ತಿಯುಳ್ಳ ನಮ್ಮಂಥವರಿಗೆ ಲೆಕ್ಕವೆಂದರೆ ಅಂಗಡಿಯ ಕೆಲಸ, ಕಚೇರಿಯ ಕೆಲಸ. ಹಕ್ಕಿಯನ್ನು ನೋಡಿ ಮೈಮರೆಯಬಹುದು, ಲೆಕ್ಕ ಹಾಕುವುದೇಕೆ? ಈ ಪ್ರಶ್ನೆಗೆ ಉತ್ತರವಾಗಿ ನಿಜವಾಗಿ ನಡೆದ ಒಂದು ಕಥೆಯುಂಟು. ಅದಕ್ಕೆ ಮೊದಲು ಈ ಹಕ್ಕಿಗಳು ಎಣಿಕೆಗೆ ಸಿಕ್ಕುವುದಾದರೂ ಹೇಗೆ ಎಂಬುದನ್ನು ತಿಳಿಯಬೇಕು.

ದೊಡ್ಡ ರೆಕ್ಕೆಯ ಬೇಟೆಹಕ್ಕಿಗೆ ರೆಕ್ಕೆ ಬಡಿಯುವುದು ಬಹಳ ದುಬಾರಿಯ ಕೆಲಸ. ದಿನವೆಲ್ಲ ರೆಕ್ಕೆ ಬಡಿದು ಹಾರಿದರೆ ಮೈಯ ಕೊಬ್ಬೆಲ್ಲ ನಾಲ್ಕು ದಿನಕ್ಕೆ ಕರಗಿಹೋದೀತು. ಆದುದರಿಂದ ಅದು ಬಿಸಿಲಿನಿಂದ ಸಾಲ ಪಡೆಯುತ್ತದೆ. ಹೊತ್ತೇರಿದಂತೆ ಉತ್ತ ಹೊಲ, ಬೋಳುಬಂಡೆ, ಊರಿನ ಮಾಳಿಗೆಗಳು ಕಾಯುತ್ತವೆ. ಕಾದ ನೆಲದ ಮೇಲಣ ಗಾಳಿ ಹಗುರಾಗಿ ಕಂಬದಂತೆ ಮೇಲೇಳುತ್ತದೆ. ಹದ್ದು ಆ ಕಂಬದೊಳಗೆ ಹೊಕ್ಕು, ರೆಕ್ಕೆಯನ್ನು ಅಗಲವಾಗಿ ಚಾಚಿ, ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ತುದಿ ಮುಟ್ಟಿದ ಮೇಲೆ ರೆಕ್ಕೆಯನ್ನು ತುಸು ಮಡಿಸಿ, ಮುಂದಿನ ಕಂಬದವರೆಗೆ ಜಾರುತ್ತದೆ. ಏರುವುದು, ಜಾರುವುದು, ಮತ್ತೆ ಏರುವುದು: ಹೀಗೆಯೇ ದಿನದ ಪಯಣ ಸಾಗುತ್ತದೆ. ಬೆಟ್ಟದ ಸಾಲಿದ್ದರೆ ಇನ್ನೊಂದು ಅನುಕೂಲ. ಬೆಟ್ಟಕ್ಕೆ ಬಡಿದ ಗಾಳಿ ಮೇಲಕ್ಕೇಳಲೇಬೇಕು. ಆ ಗಾಳಿಯ ಅಲೆಯ ಮೇಲೆ ಕುಳಿತು ಹಕ್ಕಿ ಬೆಟ್ಟದ ನೆತ್ತಿಯ ಉದ್ದಕ್ಕೂ ಗಂಟೆಗಟ್ಟಲೆ ತೇಲಬಲ್ಲದು.

ಸಮುದ್ರದ ಮೇಲೆ ಇಂಥ ಬಿಸಿಗಾಳಿಯ ಕಂಬಗಳು ಅಪರೂಪ. ಆದ್ದರಿಂದ ಬಹುಪಾಲು ಹದ್ದುಗಳು ವಿಸ್ತಾರವಾದ ನೀರನ್ನು ಬಳಸಿಕೊಂಡು ಹೋಗುತ್ತವೆ. ಯುರೋಪಿನ ಹಕ್ಕಿಗಳು ಜಿಬ್ರಾಲ್ಟರಿನ ಬಳಿಯೋ ಬಾಸ್ಫರಸ್ಸಿನ ಬಳಿಯೋ ಕಿರಿದಾದ ಜಲಸಂಧಿಯನ್ನು ಹುಡುಕಿಕೊಂಡು ಬಂದು ಗುಂಪುಗೂಡುತ್ತವೆ. ಜಾರ್ಜಿಯ ದೇಶದ ಬಟೂಮಿಯಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಕಾಕಸಸ್ ಪರ್ವತ. ನಡುವಣ ಇಕ್ಕಟ್ಟಿನಲ್ಲಿ ಪ್ರತಿ ಶರತ್ಕಾಲದಲ್ಲಿ ಲಕ್ಷಗಟ್ಟಲೆ ಹಕ್ಕಿಗಳು ಹಾಯುತ್ತವೆ. ಇವೆಲ್ಲವನ್ನೂ ಮೀರಿಸುವುದು ಮೆಕ್ಸಿಕೋದ ವೆರಾಕ್ರೂಸ್. ಅಲ್ಲಿ ಪರ್ವತಶ್ರೇಣಿ ಮೆಕ್ಸಿಕೋ ಕೊಲ್ಲಿಯ ಹತ್ತಿರ ಹತ್ತಿರಕ್ಕೆ ಬಂದು, ಉತ್ತರ ಅಮೆರಿಕದ ಬೇಟೆಹಕ್ಕಿಗಳಿಗೆಲ್ಲ ಆಲಿಕೆಯ ಕೊಳವೆಯಂತಾಗಿದೆ. 1990ರ ದಶಕದಲ್ಲಿ ಅಲ್ಲಿ ಕ್ರಮಬದ್ಧವಾದ ಎಣಿಕೆ ನಡೆದಾಗ ಬಂದ ಮೊತ್ತವನ್ನು ನೋಡಿ ತಿಳಿದವರೂ ಬೆರಗಾದರು. ಒಂದು ಶರತ್ಕಾಲಕ್ಕೆ ನಲವತ್ತು ಲಕ್ಷಕ್ಕೂ ಮಿಕ್ಕ ಹಕ್ಕಿಗಳು! ಕಾರ್ದೆಲ್ ಎಂಬ ಊರಿನಲ್ಲಿ ಎಣಿಕೆಗಾರರು ಕೂರುವುದು ಹೋಟೆಲೊಂದರ ಮಾಳಿಗೆಯ ಮೇಲೆ. ಕೆಳಗೆ ಸಂತೆ, ಬಸ್ಸು, ಜನಸಂದಣಿ. ಮೇಲೆ ಅವರು ಬೇಟೆಹಕ್ಕಿಗಳ ನದಿ ಎಂದು ಕರೆಯುವ ಪ್ರವಾಹ.

ಈ ಪ್ರವಾಹವನ್ನು ಎಣಿಸುವುದು ಹೇಗೆ? ಬಿಸಿಗಾಳಿಯ ಕಂಬದಲ್ಲಿ ಸಾವಿರ ಹಕ್ಕಿ ಒಂದರೊಳಗೊಂದು ಸುತ್ತುತ್ತಿರುವಾಗ ಎಣಿಸಲು ಹೋದವನಿಗೆ ತಲೆ ತಿರುಗುತ್ತದೆ. ನುರಿತವನು ಕಾಯುತ್ತಾನೆ. ಕಂಬದ ತುದಿಯಿಂದ ಹಕ್ಕಿಗಳು ಒಂದರ ಹಿಂದೊಂದು ಸಾಲುಗಟ್ಟಿ ಜಾರತೊಡಗಿದಾಗ ಎಣಿಸುತ್ತಾನೆ. ಕಣದಲ್ಲಿ ರಾಗಿಯ ರಾಶಿಯನ್ನು ನೋಡಿ ಯಾರೂ ಲೆಕ್ಕ ಹೇಳುವುದಿಲ್ಲ. ಅಳೆದು ಹಾಕಿದ ಕೊಳಗಗಳನ್ನು ಎಣಿಸುತ್ತಾರೆ. ಇದೂ ಹಾಗೆಯೇ. ಕೈಯಲ್ಲಿ, ಗುಂಡಿ ಒತ್ತಿದರೆ ಒಂದಂಕಿ ಏರುವ ಸಣ್ಣ ಯಂತ್ರ, ಕೊರಳಲ್ಲಿ ದುರ್ಬೀನು, ಮಗ್ಗುಲಲ್ಲಿ ಗಂಟೆಗೊಂದು ಸಾಲು ತುಂಬಬೇಕಾದ ಪಟ್ಟಿ. ಗಾಳಿಯ ದಿಕ್ಕು, ಮೋಡ, ಚಳಿ, ಹಾಯ್ದ ಹಕ್ಕಿಗಳ ಜಾತಿ, ವಯಸ್ಸು, ಸಂಖ್ಯೆ ಇವೆಲ್ಲವನ್ನೂ ಬರೆಯಬೇಕು. ಒಂದೂ ಹಕ್ಕಿ ಹಾಯದ ಗಂಟೆಯಲ್ಲಿ ಸೊನ್ನೆಯನ್ನು ಬರೆಯಬೇಕು. ಆ ಸೊನ್ನೆಗೂ ಬೆಲೆಯುಂಟು. ಬಣ್ಣ ಕಾಣದಷ್ಟು ಎತ್ತರದಲ್ಲಿ ಹಾರುವ ಹಕ್ಕಿಯ ಜಾತಿಯನ್ನು ಗುರುತಿಸುವುದು ರೆಕ್ಕೆಯ ಆಕಾರದಿಂದ, ಬಾಲದ ಉದ್ದದಿಂದ, ಹಾರುವ ಧಾಟಿಯಿಂದ. ದೂರದ ಹಾದಿಯಲ್ಲಿ ಬರುತ್ತಿರುವ ನೆಂಟರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವುದಿಲ್ಲವೇ, ಹಾಗೆ.

ಇನ್ನು ನಾನು ಹೇಳಬೇಕೆಂದಿರುವ ಕಥೆಗೆ ಬರುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅಪಲಾಚಿಯನ್ ಪರ್ವತಗಳ ಒಂದು ಏಣು ಈಶಾನ್ಯದಿಂದ ನೈರುತ್ಯಕ್ಕೆ ಚಾಚಿಕೊಂಡಿದೆ. ಶರತ್ಕಾಲದಲ್ಲಿ ಉತ್ತರದಿಂದ ಚಳಿಯ ಅಲೆಯೊಂದು ಹಾದುಹೋದ ಮರುದಿನ ವಾಯವ್ಯದ ಗಾಳಿ ಈ ಏಣಿಗೆ ಬಂದು ಬಡಿಯುತ್ತದೆ. ಆಗ ಗಿಡುಗಗಳು ಬಂಡೆಗಳ ಮೇಲೆ ನಿಂತವನ ಕಣ್ಣಿನ ಮಟ್ಟಕ್ಕೇ ತೇಲಿ ಬರುತ್ತವೆ. ನೂರು ವರ್ಷಗಳ ಹಿಂದೆ ಆ ಬಂಡೆಗಳ ಮೇಲೆ ನಿಲ್ಲುತ್ತಿದ್ದವರ ಕೈಯಲ್ಲಿದ್ದುದು ದುರ್ಬೀನಲ್ಲ, ಕೋವಿ. ಗಿಡುಗವೆಂದರೆ ಕೋಳಿಯ ಕಳ್ಳ, ಕೊಲ್ಲುವುದು ಪುಣ್ಯ ಎಂಬ ನಂಬಿಕೆ ಅಲ್ಲಿಯೂ ಇತ್ತು. 1929ರಲ್ಲಿ ಆ ರಾಜ್ಯದ ಬೇಟೆ ಇಲಾಖೆ ಗಾಸ್‌ಹಾಕ್ ಎಂಬ ಗಿಡುಗದ ತಲೆಗೆ ಐದು ಡಾಲರ್ ಬಹುಮಾನ ಸಾರಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಐದು ಡಾಲರ್ ಎಂದರೆ ಬಡವನ ಪಾಲಿಗೆ ಸಣ್ಣ ಮೊತ್ತವಲ್ಲ. ಹಾರುತ್ತಿರುವ ಗಿಡುಗಗಳಲ್ಲಿ ಗಾಸ್‌ಹಾಕ್ ಯಾವುದು ಎಂದು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಭಾನುವಾರ ಬಂತೆಂದರೆ ಬೆಟ್ಟವೆಲ್ಲ ಗುಂಡಿನ ಸದ್ದು.

1932ರ ಶರತ್ಕಾಲದಲ್ಲಿ ರಿಚರ್ಡ್ ಪೋ ಎಂಬ ತರುಣ ಅಲ್ಲಿಗೆ ಹೋದರು. ಕಾಡಿನ ನೆಲದ ಮೇಲೆ ಬಿದ್ದಿದ್ದ ಸತ್ತ ಗಿಡುಗಗಳನ್ನು ಆಯ್ದು, ಸಾಲುಸಾಲಾಗಿ ಜೋಡಿಸಿ, ಚಿತ್ರ ತೆಗೆದರು. ಈ ಬೆಟ್ಟದ ಕಥೆಯಲ್ಲಿ ಮೊದಲ ಲೆಕ್ಕ ಹೆಣಗಳ ಲೆಕ್ಕ ಎಂಬುದನ್ನು ಕೇಳುಗರು ಗಮನಿಸಬೇಕು. ಆ ಚಿತ್ರಗಳ ಸುದ್ದಿ ನ್ಯೂಯಾರ್ಕಿನ ರೊಸಾಲಿ ಎಡ್ಜ್ ಎಂಬ ಮಹಿಳೆಯನ್ನು ಮುಟ್ಟಿತು. ಆಕೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ ಬಂದವರು. ಸುಮ್ಮನೆ ಕೂರುವ ಜಾಯಮಾನದವರಲ್ಲ. ಗಿಡುಗಗಳ ಪರವಾಗಿ ಕಾನೂನು ಬರುವವರೆಗೆ ಕಾಯುತ್ತ ಕೂರದೆ 1934ರಲ್ಲಿ ಬೆಟ್ಟವನ್ನೇ, ಸುಮಾರು 1,400 ಎಕರೆ ನೆಲವನ್ನು, 500 ಡಾಲರಿಗೆ ಗುತ್ತಿಗೆ ಹಿಡಿದರು. ಮುಂದೆ ಕೊಂಡುಕೊಂಡು, 1938ರಲ್ಲಿ ಅದಕ್ಕಾಗಿಯೇ ಸ್ಥಾಪಿತವಾದ ಸಂಘಕ್ಕೆ ವಹಿಸಿದರು. ಅದೇ ಇಂದು ಹಾಕ್ ಮೌಂಟನ್ ಎಂದು ಹೆಸರಾದ, ಬೇಟೆಹಕ್ಕಿಗಳಿಗಾಗಿ ಲೋಕದಲ್ಲಿ ಮೊತ್ತಮೊದಲು ಏರ್ಪಟ್ಟ ರಕ್ಷಿತ ತಾಣ.

ಕಾವಲಿಗೆಂದು ಎಡ್ಜ್ ಅವರು ಕರೆತಂದವರು ಮಾರಿಸ್ ಬ್ರೌನ್ ಮತ್ತು ಅವರ ಪತ್ನಿ ಇರ್ಮಾ. ಇರ್ಮಾ ಹಾದಿಯ ಬಾಯಲ್ಲಿ ನಿಂತು, ಕೋವಿ ಹೊತ್ತು ಬಂದವರನ್ನು ಹಿಂದಿರುಗಿಸುತ್ತಿದ್ದರು. ಮಾರಿಸ್ ಬಂಡೆಯ ಮೇಲೆ ಕುಳಿತು ಹಾಯುವ ಹಕ್ಕಿಗಳನ್ನು ಎಣಿಸತೊಡಗಿದರು. ಆ ಮೊದಲ ಶರತ್ಕಾಲದಿಂದಲೇ ಎಣಿಕೆ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅವರು ಸೇನೆಗೆ ಹೋಗಿದ್ದ 1943ರಿಂದ 1945ರವರೆಗಿನ ಮೂರು ವರ್ಷಗಳನ್ನು ಬಿಟ್ಟರೆ ಇಂದಿನವರೆಗೆ ಅದು ನಿಂತಿಲ್ಲ. ಆಗಸ್ಟಿನ ನಡುವಿನಿಂದ ಡಿಸೆಂಬರಿನ ನಡುವಿನವರೆಗೆ ಪ್ರತಿದಿನ ಎಣಿಕೆ. ಸೆಪ್ಟೆಂಬರಿನ ಮಧ್ಯದಲ್ಲಿ ಅಗಲ ರೆಕ್ಕೆಯ ಗಿಡುಗಗಳ ಜಾತ್ರೆ. ನವೆಂಬರಿನ ಕೊರೆಯುವ ಗಾಳಿಯಲ್ಲಿ ಹೊನ್ನಹದ್ದಿನ ಒಂಟಿ ಪಯಣ. ಸರಾಸರಿ ವರ್ಷವೊಂದಕ್ಕೆ ಹದಿನೆಂಟು ಸಾವಿರ ಹಕ್ಕಿಗಳು.

ಬ್ರೌನ್ ಅವರಿಗೆ ಈ ಲೆಕ್ಕದಿಂದ ಮುಂದೆ ಏನಾದೀತು ಎಂಬ ಅರಿವು ಇರಲು ಸಾಧ್ಯವೇ ಇರಲಿಲ್ಲ. ಮುಂದೆ ಈ ಹಕ್ಕಿಗಳನ್ನು ಕೊಲ್ಲಲಿದ್ದ ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆ ಎಂಬುದೇ ಗೊತ್ತಾದದ್ದು 1939ರಲ್ಲಿ. ಹೊಲಗಳಿಗೂ ಕಾಡುಗಳಿಗೂ ಅದು ಇಳಿದದ್ದು ಯುದ್ಧ ಮುಗಿದ ಮೇಲೆ. ಬ್ರೌನ್ ಅವರ ಪುಸ್ತಕದಲ್ಲಿ ಆ ವಿಷ ಬರುವುದಕ್ಕೆ ಹಿಂದಿನ ಒಂಬತ್ತು ವರ್ಷಗಳ ಲೆಕ್ಕ ಭದ್ರವಾಗಿತ್ತು. ನೆರೆ ಬಂದ ಮೇಲೆ, ನೆರೆಗೆ ಮೊದಲು ನದಿ ಎಷ್ಟಿತ್ತೆಂದು ಅಳೆಯಲು ಬಾರದು. ಯಾರೋ ಒಬ್ಬರು, ಕಾರಣವಿಲ್ಲದೆಯೆಂಬಂತೆ, ಮೊದಲೇ ಅಳೆದಿಟ್ಟಿರಬೇಕು.

ಲೆಕ್ಕ ಕೆಲಸಕ್ಕೆ ಬಂದದ್ದು ಬಿಳಿತಲೆಯ ಹದ್ದಿನ ವಿಷಯದಲ್ಲಿ. ಅಮೆರಿಕದ ರಾಷ್ಟ್ರಮುದ್ರೆಯಲ್ಲಿರುವ ಹಕ್ಕಿ ಇದು. ಹುಟ್ಟಿದಾಗ ಇದರ ಮೈಯೆಲ್ಲ ಕಂದು; ತಲೆ ಮತ್ತು ಬಾಲ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ಆದ್ದರಿಂದ ದೂರದಿಂದಲೇ ಎಳೆಯದು ಯಾವುದು, ಬೆಳೆದದ್ದು ಯಾವುದು ಎಂದು ಹೇಳಬಹುದು. ರೇಚಲ್ ಕಾರ್ಸನ್ 1945ರಲ್ಲಿ ಈ ಬೆಟ್ಟಕ್ಕೆ ಬಂದು ಬಂಡೆಯ ಮೇಲೆ ಕುಳಿತು ಗಿಡುಗಗಳನ್ನು ನೋಡಿಹೋಗಿದ್ದವರು. 1962ರಲ್ಲಿ ಪ್ರಕಟವಾದ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಅವರು ಬ್ರೌನ್ ಅವರ ಅಂಕಿಗಳನ್ನು ಮುಂದಿಟ್ಟರು. 1935ರಿಂದ 1939ರವರೆಗೆ ಬೆಟ್ಟದ ಮೇಲೆ ಕಂಡ ಬಿಳಿತಲೆಯ ಹದ್ದುಗಳಲ್ಲಿ ನೂರಕ್ಕೆ ನಲವತ್ತು ಎಳೆಯವು. 1955ರಿಂದ 1959ರವರೆಗೆ ನೂರಕ್ಕೆ ಇಪ್ಪತ್ತು ಮಾತ್ರ. 1957ರಲ್ಲಿಯಂತೂ ಮೂವತ್ತೆರಡು ಬೆಳೆದ ಹದ್ದುಗಳಿಗೆ ಒಂದೇ ಒಂದು ಎಳೆಯ ಹದ್ದು.

ಈ ಅಂಕಿಗಳ ಅರ್ಥವನ್ನು ಹೀಗೆ ತಿಳಿಯಬಹುದು. ಒಂದೂರಿಗೆ ಹೋಗುತ್ತೀರಿ. ಮನೆಗಳೆಲ್ಲ ತುಂಬಿವೆ, ಜಗುಲಿಗಳ ಮೇಲೆ ಹಿರಿಯರು ಕುಳಿತಿದ್ದಾರೆ. ಶಾಲೆಯ ಬಳಿ ಹೋದರೆ ಮಾತ್ರ ಮಕ್ಕಳಿಲ್ಲ. ಊರು ಸಾಯುತ್ತಿದೆ ಎಂಬುದು ಜಗುಲಿಯನ್ನು ನೋಡಿದವನಿಗೆ ಗೊತ್ತಾಗುವುದಿಲ್ಲ. ಹದ್ದು ದೀರ್ಘಾಯುಷಿ, ಮರಿಗಳಿಲ್ಲದೆಯೂ ಹಳೆಯ ಹಕ್ಕಿಗಳು ವರ್ಷವರ್ಷ ಹಾದುಹೋಗುತ್ತಿದ್ದುವು. ಆಕಾಶ ಬರಿದಾಗಿದೆಯೆಂದು ಬರಿಗಣ್ಣಿಗೆ ತೋರುವಷ್ಟರಲ್ಲಿ ಕಾಲ ಮಿಂಚಿಹೋಗುತ್ತಿತ್ತು. ಫ್ಲಾರಿಡಾದಲ್ಲಿ ಚಾರ್ಲ್ಸ್ ಬ್ರೋಲಿ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ಮರಗಳನ್ನು ಹತ್ತಿ ಹದ್ದಿನ ಮರಿಗಳ ಕಾಲಿಗೆ ಉಂಗುರ ತೊಡಿಸುತ್ತಿದ್ದರು. 1947ರಿಂದ ಮರಿಗಳು ಕಡಿಮೆಯಾಗತೊಡಗಿದುದನ್ನು ಅವರ ಲೆಕ್ಕವೂ ಹೇಳಿತು. ಕಾರಣ ಸ್ಪಷ್ಟವಾದದ್ದು ಇನ್ನೂ ಕೆಲವು ವರ್ಷಗಳ ಮೇಲೆ. 1967ರಲ್ಲಿ ಇಂಗ್ಲೆಂಡಿನ ಡೆರೆಕ್ ರ‍್ಯಾಟ್‌ಕ್ಲಿಫ್, ಸಂಗ್ರಹಾಲಯಗಳಲ್ಲಿದ್ದ ಹಳೆಯ ಮೊಟ್ಟೆಗಳನ್ನೂ ಹೊಸವನ್ನೂ ಹೋಲಿಸಿ, ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿದೆಯೆಂದು ತೋರಿಸಿದರು. ವಿಷ ಕೀಟದಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಸೇರಿ, ತಾಯಿ ಕಾವಿಗೆ ಕುಳಿತರೆ ಮೊಟ್ಟೆಯೇ ಒಡೆಯುವಂತೆ ಮಾಡುತ್ತಿತ್ತು. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯನ್ನು ನಿಷೇಧಿಸಿತು. 2007ರಲ್ಲಿ ಬಿಳಿತಲೆಯ ಹದ್ದು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೊರಗೆ ಬಂತು. ಇಂದು ಆ ಬಂಡೆಗಳ ಮುಂದೆ ಪ್ರತಿ ಶರತ್ಕಾಲದಲ್ಲಿ ನೂರಾರು ಹಾಯುತ್ತವೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬೆಟ್ಟದ ಮೇಲೆ ಕಂಡ ಸಂಖ್ಯೆ ಲೋಕದಲ್ಲಿರುವ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲ. ಗಾಳಿ ಬೇರೆ ದಿಕ್ಕಿಗೆ ಬೀಸಿದರೆ ಹಕ್ಕಿಗಳು ಬೇರೆ ಏಣಿನ ಮೇಲೆ ಹೋದಾವು. ಚಳಿಗಾಲ ಬೆಚ್ಚಗಾಗಿದ್ದರೆ ಕೆಲವು ಉತ್ತರದಲ್ಲಿಯೇ ನಿಂತುಬಿಡುತ್ತವೆ. ಕೆಸ್ಟ್ರೆಲ್ ಎಂಬ ಪುಟ್ಟ ಚಾಣದ ಸಂಖ್ಯೆ ಈಚಿನ ದಶಕಗಳಲ್ಲಿ ಅಲ್ಲಿ ಇಳಿಯುತ್ತ ಬಂದಿದೆ. ಏಕೆಂಬುದು ಇನ್ನೂ ಚರ್ಚೆಯಲ್ಲಿದೆ. ಒಂದು ವರ್ಷದ ಲೆಕ್ಕ ಕೇವಲ ಸುದ್ದಿ. ಹತ್ತು ವರ್ಷದ್ದು ಸಂಶಯ. ನಲವತ್ತು ವರ್ಷದ್ದು ಸಾಕ್ಷಿ. ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ, ಒಬ್ಬರ ಹಿಂದೆ ಇನ್ನೊಬ್ಬರು ಕುಳಿತು ಎಣಿಸಿದರೆ ಮಾತ್ರ ಅದು ಸಾಕ್ಷಿಯಾಗುತ್ತದೆ.

ಪೆನ್ಸಿಲ್ವೇನಿಯದ ಆ ಹೆಣಗಳ ಚಿತ್ರ ತೆಗೆದ ಎಂಬತ್ತು ವರ್ಷಗಳ ಮೇಲೆ, ನಮ್ಮ ದೇಶದಲ್ಲಿಯೇ ಅಂಥದೊಂದು ಲೆಕ್ಕ ನಡೆಯಿತು. ಪಾರಿವಾಳಕ್ಕಿಂತ ಚಿಕ್ಕದಾದ ಅಮೂರ್ ಚಾಣ ಎಂಬ ಹಕ್ಕಿ ಸೈಬೀರಿಯದ ಆಗ್ನೇಯದಲ್ಲಿ, ಉತ್ತರ ಚೀನದಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋಗುತ್ತದೆ. ಹಾದಿಯಲ್ಲಿ ಅಕ್ಟೋಬರ್, ನವೆಂಬರಿನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಇಳಿದು, ಗೆದ್ದಲಹುಳುಗಳನ್ನು ತಿಂದು ಮೈ ತುಂಬಿಕೊಳ್ಳುತ್ತದೆ. 2012ರಲ್ಲಿ ಕನ್ಸರ್ವೇಷನ್ ಇಂಡಿಯಾದ ತಂಡ ಅಲ್ಲಿಗೆ ಹೋದಾಗ, ಹಕ್ಕಿಗಳು ತಂಗುವ ಮರಗಳ ನಡುವೆ ಮೀನಿನ ಬಲೆಗಳು ಕಟ್ಟಿದ್ದುವು. ದಿನವೊಂದಕ್ಕೆ ಹನ್ನೆರಡರಿಂದ ಹದಿನಾಲ್ಕು ಸಾವಿರ ಹಕ್ಕಿಗಳು ಸಾಯುತ್ತಿವೆಯೆಂದು ಅವರು ಅಂದಾಜು ಮಾಡಿದರು. ಆ ಅಂಕಿ ಲೋಕವನ್ನೆಲ್ಲ ಸುತ್ತಿತು. ಬಲೆ ಕಟ್ಟುತ್ತಿದ್ದವರು ಕ್ರೂರಿಗಳೆಂದು ಬೇರೆ ಕಡೆ ಕುಳಿತು ತೀರ್ಪು ಕೊಡುವುದು ಸುಲಭ. ಅವರಿಗೆ ಅದು ವರ್ಷಕ್ಕೊಮ್ಮೆ ಆಕಾಶದಿಂದ ಇಳಿಯುವ ಬೆಳೆಯಾಗಿತ್ತು. ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದ ಮೇಲೆ ಪಾಂಗ್ಟಿ ಮುಂತಾದ ಹಳ್ಳಿಗಳ ಜನರೇ ನಿರ್ಣಯ ಮಾಡಿ ಬಲೆಗಳನ್ನು ತೆಗೆದರು. ಮರುವರ್ಷ, 2013ರಲ್ಲಿ, ಬಲೆಗೆ ಬಲಿಯಾಗದೆ ಹಕ್ಕಿಗಳು ಹಾದುಹೋದುವು. ಆ ನವೆಂಬರಿನಲ್ಲಿ ಮೂರು ಚಾಣಗಳ ಬೆನ್ನಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಯಂತ್ರಗಳನ್ನು ಕಟ್ಟಿ, ನಾಗಾ, ವೋಖಾ, ಪಾಂಗ್ಟಿ ಎಂದು ಆ ನೆಲದ ಹೆಸರುಗಳನ್ನೇ ಇಟ್ಟರು. ಅವು ನಮ್ಮ ಪರ್ಯಾಯದ್ವೀಪವನ್ನು ಅಡ್ಡಹಾಯ್ದು, ಅರಬ್ಬೀ ಸಮುದ್ರವನ್ನು ನಿಲ್ಲದೆ ದಾಟಿ ಆಫ್ರಿಕ ಸೇರಿದುವು. ನಿನ್ನೆಯವರೆಗೆ ಹೆಣಗಳನ್ನು ಎಣಿಸಿದ್ದ ಜಾಗದಲ್ಲಿ ಬದುಕಿರುವವುಗಳ ಲೆಕ್ಕ ಹೀಗೆ ಮೊದಲಾಯಿತು.

ಕರ್ನಾಟಕದಲ್ಲಿ ನಮಗೆ ವೆರಾಕ್ರೂಸಿನ ನದಿಯೂ ಇಲ್ಲ, ಪೆನ್ಸಿಲ್ವೇನಿಯದ ಏಣೂ ಇಲ್ಲ. ಆದರೂ ಶರತ್ಕಾಲದ ಅತಿಥಿಗಳು ನಮ್ಮಲ್ಲಿಗೂ ಬರುತ್ತಾರೆ. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಹ್ಯಾರಿಯರ್ ಎಂಬ ನೀಳ ರೆಕ್ಕೆಯ ಗಿಡುಗಗಳು ಚಳಿಗಾಲವನ್ನು ಕಳೆಯಲು ನಮ್ಮ ಬಯಲುಸೀಮೆಗೆ ಬಂದು, ಹೊಲಗಳ ಮೇಲೆ ತಗ್ಗಾಗಿ ತೇಲುತ್ತ ಮಿಡತೆ, ಇಲಿಗಳನ್ನು ಹಿಡಿಯುತ್ತವೆ. ಇವು ದೊಡ್ಡ ಗುಂಪುಗಟ್ಟಿ ಒಂದೇ ಕಣಿವೆಯಲ್ಲಿ ಹಾಯುವುದಿಲ್ಲ. ಅಗಲವಾಗಿ ಚದುರಿ ಬರುತ್ತವೆ. ಆದ್ದರಿಂದ ಇವನ್ನು ಎಣಿಸುವ ಜಾಗ ಆಕಾಶವಲ್ಲ, ಹಾಸಿಗೆ. ಹಗಲೆಲ್ಲ ಹತ್ತಾರು ಮೈಲಿ ಚೆದುರಿದ್ದ ಹಕ್ಕಿಗಳು ಸಂಜೆ ಒಂದೇ ಹುಲ್ಲುಗಾವಲಿಗೆ ಬಂದು ನೆಲದ ಮೇಲೆ ಮಲಗುತ್ತವೆ. ಗುಜರಾತಿನ ವೇಳಾವದರದಲ್ಲಿ ಒಂದು ಕಾಲಕ್ಕೆ ಸಾವಿರಕ್ಕೂ ಮಿಕ್ಕಿ ಹೀಗೆ ಇಳಿಯುತ್ತಿದ್ದುವು.

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ನಾನೂ ಕೆಲವು ಸಂಜೆಗಳನ್ನು ಕಳೆದಿದ್ದೇನೆ. ಸೂರ್ಯ ಮುಳುಗಿದ ಮೇಲೆ, ಹುಲ್ಲಿನ ಬಣ್ಣವೂ ಹಕ್ಕಿಯ ಬಣ್ಣವೂ ಒಂದಾಗುವ ಹೊತ್ತಿನಲ್ಲಿ, ಒಂದು ಗಿಡುಗ ಸದ್ದಿಲ್ಲದೆ ಬಂದು, ಎರಡು ಸುತ್ತು ಹಾಕಿ, ಹುಲ್ಲಿನೊಳಗೆ ಇಳಿದು ಮಾಯವಾಗುತ್ತದೆ. ಆಮೇಲೆ ಇನ್ನೊಂದು. ಎರಡು ಕೈಯ ಬೆರಳುಗಳೇ ಲೆಕ್ಕಕ್ಕೆ ಸಾಕಾದ ಸಂಜೆಗಳುಂಟು. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆ ಬಂಜರು ಎಂದು ಹೆಸರು. ಬಂಜರು ಎಂದ ಮೇಲೆ ನೀಲಗಿರಿ ನೆಡಬಹುದು, ನಿವೇಶನ ಮಾಡಬಹುದು. ಅಲ್ಲಿ ಮಲಗುವ ಹಕ್ಕಿ ಲೆಕ್ಕಕ್ಕಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ದೇಶದ ಬೇರೆಬೇರೆ ಕಡೆ ನಡೆದ ಇಂಥ ಸಂಜೆಯ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳ ಆ ಲೆಕ್ಕ, ನಮ್ಮಲ್ಲಿಗೆ ಬರುವ ಹ್ಯಾರಿಯರ್‌ಗಳು ಕಡಿಮೆಯಾಗುತ್ತಿರುವುದನ್ನು ಸೂಚಿಸಿತು. ಯಾರೋ ಕೆಲವರು ಯಾವ ಫಲವನ್ನೂ ಬಯಸದೆ ಸಂಜೆಗತ್ತಲಲ್ಲಿ ಕುಳಿತು ಬರೆದಿಟ್ಟಿದ್ದರಿಂದ ಇಷ್ಟನ್ನಾದರೂ ಹೇಳಲು ಸಾಧ್ಯವಾಯಿತು.

ಕನ್ನಡದಲ್ಲಿ ಎಣಿಸು ಎಂಬ ಮಾತಿಗೆ ಎರಡು ಅರ್ಥಗಳಿವೆ. ಲೆಕ್ಕ ಮಾಡು ಎಂಬುದೊಂದು, ಮನಸ್ಸಿನಲ್ಲಿ ಭಾವಿಸು ಎಂಬುದಿನ್ನೊಂದು. ನಮ್ಮ ಹಿರಿಯರು ಇವೆರಡನ್ನೂ ಒಂದೇ ಮಾತಿನಲ್ಲಿ ಇಟ್ಟುಕೊಂಡು ಬಾಳಿದರು. ಬಂಡೆಯ ಮೇಲೆ ಚಳಿಗಾಳಿಗೆ ಮೈಯೊಡ್ಡಿ ಒಂದು, ಎರಡು, ಮೂರು ಎನ್ನುತ್ತ ಕುಳಿತವನು ಹಕ್ಕಿಯನ್ನು ಬರಿಯ ಅಂಕಿಯಾಗಿಸುತ್ತಿಲ್ಲ. ಅದು ಬಂತು, ನಾನು ಕಂಡೆ, ಮುಂದಿನ ವರ್ಷವೂ ಬರಬೇಕು ಎಂದು ಅದರ ಪರವಾಗಿ ದಾಖಲೆ ಮಾಡುತ್ತಿದ್ದಾನೆ. ಈ ಕಾರ್ತಿಕದಲ್ಲಿ ನಮ್ಮ ಕೇಳುಗರಲ್ಲಿ ಯಾರಾದರೂ ಮಾಳಿಗೆಯ ಮೇಲೆ ನಿಂತಾಗ, ಬಿಸಿಲೇರಿದ ಆಕಾಶದಲ್ಲಿ ರೆಕ್ಕೆ ಬಡಿಯದೆ ಸುತ್ತುವ ಚುಕ್ಕೆಗಳು ಕಂಡರೆ, ಅವು ಎಷ್ಟೆಂದು ಎಣಿಸಿ, ದಿನಾಂಕದೊಡನೆ ಎಲ್ಲಾದರೂ ಬರೆದಿಡಲಿ. ಅದರಿಂದ ಏನು ಪ್ರಯೋಜನವೆಂದು ಇಂದೇ ತಿಳಿಯಬೇಕಾಗಿಲ್ಲ.